ಲಕ್ಷ್ಮಣರಾವ್ ಕಿರ್ಲೋಸ್ಕರ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಸಾಗುವ ದಾರಿ ಮಲೆನಾಡಿನ ಸೆರಗನ್ನು ಹಿಡಿದು ಹೋಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ತಾಲ್ಲೂಕಿನ ಬತ್ತದ ಗದ್ದೆಗಳ ನಡುವೆ ಹರಿಯುತ್ತಾಳೆ. ವಿದ್ಯುಚ್ಛಕ್ತಿ ಇನ್ನೂ ಹಳ್ಳಿಗಳನ್ನು ಮುಟ್ಟದಿದ್ದ ಕಾಲದಲ್ಲಿ ಹೊಲಕ್ಕೆ ನೀರೆತ್ತಲು, ಗಿರಣಿಯಲ್ಲಿ ಅಕ್ಕಿ ಮಾಡಲು ರೈತನಿಗೆ ನೆರವಾದದ್ದು ಸಣ್ಣ ಡೀಸೆಲ್ ಎಂಜಿನು. ಅನೇಕ ಎಂಜಿನುಗಳ ಮೇಲೆ ಒಂದು ಮನೆತನದ ಹೆಸರು ಅಚ್ಚಾಗಿರುತ್ತಿತ್ತು. ಆ ಮನೆತನದ ಉದ್ಯಮಕ್ಕೆ ಅಡಿಗಲ್ಲನ್ನಿಟ್ಟವರು ಲಕ್ಷ್ಮಣರಾವ್ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗನಿಗಾದರೋ ಪುಸ್ತಕದ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ಯಂತ್ರಗಳನ್ನು ನೋಡುವುದರಲ್ಲಿ ಹೆಚ್ಚು ಒಲವು. 1885ರಲ್ಲಿ ಅವರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ಅಭ್ಯಾಸ ನಡೆದ ಮೇಲೆ ಒಂದು ಕಠೋರ ಸತ್ಯ ಗೊತ್ತಾಯಿತು: ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣವೇಕೆ? ಅವರು ಆ ವಿದ್ಯೆಯನ್ನು ಕೈಬಿಡದೆ ಸಾಧಿಸಿ, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಅಧ್ಯಾಪಕರಾದರು.

ಅದೇ ಕಾಲದಲ್ಲಿ ಬೈಸಿಕಲ್ ಎಂಬ ಹೊಸ ವಾಹನ ಅವರ ಮನಸ್ಸನ್ನು ಸೆಳೆಯಿತು. ಅವರು ಬೈಸಿಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳಿಸುವರು. ಅಣ್ಣ ರಾಮುಅಣ್ಣನವರು ಅವನ್ನು ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುವರು. 1888ರಲ್ಲಿ ಹೀಗೆ ಸಣ್ಣದಾಗಿ ಆರಂಭವಾದ ಅಂಗಡಿಯೇ ಮುಂದೆ ಹಿರಿದಾದ ಉದ್ಯಮದ ಬೀಜವಾಯಿತು. ಇತ್ತ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಸ್ವಾಭಿಮಾನಿಗಳಾದ ಲಕ್ಷ್ಮಣರಾಯರು ಮುಂಬಯಿಯ ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಅವರು ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸತೊಡಗಿದರು. ಮರದ ನೇಗಿಲು ಮೇಲುಮಣ್ಣನ್ನು ಮಾತ್ರ ಕೆದಕುತ್ತಿತ್ತು. ಕಬ್ಬಿಣದ್ದು ನೆಲವನ್ನು ಆಳವಾಗಿ ಮಗುಚುತ್ತಿತ್ತು. ಆದರೂ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ 40 ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ರಾಯರು ರೈತನನ್ನು ಹಳಿಯಲಿಲ್ಲ. ನೇಗಿಲಿನ ಮೊನೆ ಬೇಗ ಸವೆಯುತ್ತದೆ ಎಂಬ ದೂರನ್ನು ಕಿವಿಗೊಟ್ಟು ಕೇಳಿ, ಕಬ್ಬಿಣವನ್ನು ಗಟ್ಟಿಗೊಳಿಸುವ ಬಗೆಯನ್ನು ಅರಸಿದರು.

ಉದ್ಯಮ ಬೇರೂರುತ್ತಿದ್ದಾಗಲೇ ಇನ್ನೊಂದು ಆಘಾತ ಬಂದಿತು. ನಗರದ ಹೊಸ ಬಡಾವಣೆಗಾಗಿ ಕಾರ್ಖಾನೆಯ ಸ್ಥಳವನ್ನು ತೆರವು ಮಾಡಬೇಕೆಂದು ಪುರಸಭೆ ಸೂಚಿಸಿತು. ಕುಲುಮೆಯನ್ನು ಹೊತ್ತು ಎಲ್ಲಿಗೆ ಹೋಗುವುದು? ಆಗ ಔಂಧ ಸಂಸ್ಥಾನದ ರಾಜರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಭೂಮಿಯನ್ನೂ ಧನಸಹಾಯವನ್ನೂ ನೀಡಿದರು. ಅದು ಪಾಪಾಸುಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಬರಡು ನೆಲ. 1910ರಲ್ಲಿ ರಾಯರೂ ಅವರ ಸಂಗಾತಿಗಳೂ ಅಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆವಾಸ ಮುಗಿಸಿ ಬಂದವರಿಗೆ ರಾಯರು ಕಾವಲಿನ ಹೊಣೆಯನ್ನೇ ವಹಿಸಿದರು. ನಂಬಿಕೆ ಮನುಷ್ಯನನ್ನು ತಿದ್ದಬಲ್ಲದೆಂಬುದು ಅವರ ದೃಢ ನಿಲುವಾಗಿತ್ತು.

ಅವರ ಮಗ ಶಂತನುರಾಯರು ಅಮೆರಿಕದಲ್ಲಿ ಯಂತ್ರವಿದ್ಯೆಯನ್ನು ಕಲಿತು ಬಂದವರು. ತಂದೆಯ ಕೆಲಸವನ್ನು ವಿಸ್ತರಿಸಿ, 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನುಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ನೇಗಿಲು ನೆಲವನ್ನು ಉತ್ತರೆ ಎಂಜಿನು ಆ ನೆಲಕ್ಕೆ ನೀರುಣಿಸಿತು.

ಈ ಎಂಜಿನಿನ ಗುಟ್ಟನ್ನು ಇಲ್ಲಿ ತುಸು ತಿಳಿಯುವುದು ಉಚಿತ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಎಣ್ಣೆಗೆ ಕಿಡಿ ತಾಗಿಸುವುದಿಲ್ಲ. ಪಿಸ್ಟನ್ನು ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಸುಮಾರು 16ನೆಯ ಒಂದು ಪಾಲಿಗೆ ಇಳಿಯುವಷ್ಟು ಒತ್ತುತ್ತದೆ. ಆ ಒತ್ತಡದಿಂದ ಗಾಳಿ ಕಾದು, ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಳಿ ಸೋರಿದರೆ ಶಾಖವಿಲ್ಲ. ಶಾಖವಿಲ್ಲದಿದ್ದರೆ ಎಂಜಿನು ಏಳುವುದಿಲ್ಲ.

ಆದ್ದರಿಂದ ಬಲ್ಲ ಮೇಸ್ತ್ರಿ ಮೊದಲು ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ ನೋಡುತ್ತಾನೆ. ಕೈಗೆ ಬಲವಾದ ತಡೆ ಸಿಕ್ಕರೆ ಒತ್ತಡವಿದೆ ಎಂದರ್ಥ. ಖಚಿತವಾದ ಅಳತೆ ಬೇಕಾದರೆ ಒತ್ತಡಮಾಪಕವನ್ನು ಜೋಡಿಸುತ್ತಾನೆ. ಗಾಳಿ ಒಳಬರುವ ಕೊಳವೆಯಲ್ಲಿ ಸುಯ್ಯೆಂಬ ಸದ್ದಾದರೆ ಒಳಕವಾಟದಲ್ಲಿ ಸೋರಿಕೆ. ಹೊಗೆಕೊಳವೆಯಲ್ಲಿ ಕೇಳಿದರೆ ಹೊರಕವಾಟದಲ್ಲಿ. ಸಿಲಿಂಡರಿಗೆ ಕೆಲವೇ ಹನಿ ಎಣ್ಣೆ ಬಿಟ್ಟಾಗ ಒತ್ತಡ ಏರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆಯೆಂದು ತಿಳಿಯಬೇಕು. ಕವಾಟಗಳ ಸಂದನ್ನು ಸರಿಪಡಿಸುವುದು ಎಂಜಿನು ತಣ್ಣಗಿದ್ದಾಗ. ಒತ್ತುವ ಹೊಡೆತದ ಕೊನೆಯಲ್ಲಿ ಪಿಸ್ಟನ್ನು ಮೇಲ್ತುದಿಯಲ್ಲಿ ನಿಂತು ಎರಡೂ ಕವಾಟಗಳು ಮುಚ್ಚಿರುವ ಸ್ಥಿತಿಯಲ್ಲಿ, ಕವಾಟದ ಕಡ್ಡಿಗೂ ಅದನ್ನು ತುಳಿಯುವ ಸನ್ನೆಗೂ ನಡುವೆ ತೆಳುವಾದ ಉಕ್ಕಿನ ಪಟ್ಟಿಯನ್ನು ತೂರಿಸಿ ಅಳೆಯುತ್ತಾರೆ. ತಯಾರಕರು ಹೇಳಿದ ಆ ಸಂದು ಮಿಲಿಮೀಟರಿನ ಸಣ್ಣದೊಂದು ಅಂಶ. ಅದು ತೀರ ಕಿರಿದಾದರೆ ಕಾದು ಹಿಗ್ಗಿದ ಕವಾಟ ಪೂರ್ತಿ ಮುಚ್ಚದೆ ಸೋರಿ ಸುಟ್ಟುಹೋಗುತ್ತದೆ. ಹೆಚ್ಚಾದರೆ ಕವಾಟ ತಡವಾಗಿ ತೆರೆದು, ಟಕಟಕನೆ ಸದ್ದು ಮಾಡಿ, ಎಂಜಿನಿನ ಬಲ ಕುಂದುತ್ತದೆ. ಮಿಲಿಮೀಟರಿನ ಅಂಶಕ್ಕೂ ಬೆಲೆ ಕೊಡುವ ಈ ತಾಳ್ಮೆಯಿಲ್ಲದೆ ಯಂತ್ರ ಒಲಿಯುವುದಿಲ್ಲ.

ಲಕ್ಷ್ಮಣರಾಯರ ಬಾಳಿನಲ್ಲಿ ಕಾಣುವುದೂ ಇದೇ ತಾಳ್ಮೆ. ಕಣ್ಣಿನ ದೋಷ, ಕೈತಪ್ಪಿದ ಬಡ್ತಿ, ಮಾರಾಟವಾಗದ ನೇಗಿಲು, ಕಳೆದುಹೋದ ನೆಲೆ — ಒಂದೊಂದು ಸೋಲಿನಲ್ಲಿಯೂ ದೋಷವೆಲ್ಲಿದೆಯೆಂದು ಅವರು ಹುಡುಕಿದರು. ತಿದ್ದಬಹುದಾದದ್ದನ್ನು ತಿದ್ದಿದರು, ತಿದ್ದಲಾಗದ್ದನ್ನು ಬಿಟ್ಟು ಬೇರೆ ದಾರಿ ಹಿಡಿದರು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರಕಾರ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಬೆಳಗಾವಿಯ ಒಂದು ರಸ್ತೆ ಇಂದಿಗೂ ಅವರ ಮನೆತನದ ಹೆಸರನ್ನು ಹೊತ್ತಿದೆ. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಎರಕದ ಕುಲುಮೆಗಳು ಉರಿಯುತ್ತಿವೆ, ಲೇತುಗಳು ತಿರುಗುತ್ತಿವೆ. ರಾಯರನ್ನು ನೆಲೆ ಬಿಡುವಂತೆ ಮಾಡಿದ ಊರು ಅವರ ಕಸುಬನ್ನು ಮಾತ್ರ ಬಿಡಲಿಲ್ಲ. ಕೈಯಲ್ಲಿ ಎಣ್ಣೆಮಸಿ ಹತ್ತಿಸಿಕೊಂಡು ದುಡಿಯುವುದು ವಿದ್ಯಾವಂತನಿಗೆ ಕುಂದಲ್ಲ, ಭೂಷಣ ಎಂಬುದನ್ನು ಅವರು ಬಾಳಿ ತೋರಿಸಿದರು.