ಮೈಸೂರು ಪಾಕದ ಮಾದಪ್ಪನವರು

ಚರಿತ್ರೆಯ ಪುಟಗಳಲ್ಲಿ ಅರಸರಿಗೆ, ದಂಡನಾಯಕರಿಗೆ, ಕವಿಗಳಿಗೆ ಸ್ಥಾನವುಂಟು. ಅವರಿಗೆಲ್ಲ ದಿನವೂ ಅನ್ನವಿಕ್ಕಿದ ಅಡಿಗೆಯವರ ಹೆಸರನ್ನು ಬರೆದಿಟ್ಟವರು ವಿರಳ. ಈ ಮಾತಿಗೆ ಕನ್ನಡ ನಾಡಿನಲ್ಲಿ ಒಂದು ಅಪವಾದವಿದೆ. ಮೈಸೂರು ಅರಮನೆಯ ಪಾಕಶಾಲೆಯಲ್ಲಿ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರೇ ಆ ಅಪವಾದ. ಯುದ್ಧ ಗೆಲ್ಲದೆ, ಗ್ರಂಥ ಬರೆಯದೆ, ಕಡಲೆ ಹಿಟ್ಟು, ಸಕ್ಕರೆ, ತುಪ್ಪ ಎಂಬ ಮೂರೇ ಪದಾರ್ಥಗಳಿಂದ ಅವರು ಹೆಸರು ಉಳಿಸಿಕೊಂಡರು.

ಮಾದಪ್ಪನವರು ಸೇವೆ ಸಲ್ಲಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ. 1884ರಲ್ಲಿ ಜನಿಸಿದ ಈ ಪ್ರಭುಗಳು 1902ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡು 1940ರವರೆಗೆ ಆಳಿದರು. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಅದೇ ಸ್ಥಳದಲ್ಲಿ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮಹಾರಾಜರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು, ವಿದ್ವಾಂಸರ ಪೋಷಕರು. ದಸರೆಗೆ ದೇಶವಿದೇಶಗಳ ಅತಿಥಿಗಳು ಬರುತ್ತಿದ್ದ ಮನೆ ಅದು. ಅಂಥ ರಸಿಕರಿಗೆ ಬಡಿಸುವುದೆಂದರೆ ಪ್ರತಿದಿನವೂ ಪರೀಕ್ಷೆಗೆ ಕುಳಿತಂತೆಯೇ.

ಆ ಪರೀಕ್ಷೆಯ ಒಂದು ದಿನದ ಕಥೆಯನ್ನು ಮಾದಪ್ಪನವರ ವಂಶದವರು ಹೇಳಿಕೊಂಡು ಬಂದಿದ್ದಾರೆ. ಮಹಾರಾಜರ ಊಟಕ್ಕೆ ಸಿಹಿಯೊಂದು ಬೇಕಾಗಿತ್ತು. ಮಾದಪ್ಪನವರು ಸಕ್ಕರೆಯ ಪಾಕಕ್ಕೆ ಕಡಲೆ ಹಿಟ್ಟು, ತುಪ್ಪಗಳನ್ನು ಬೆರೆಸಿ ಹೊಸದೊಂದನ್ನು ಮಾಡಿದರು. ತಟ್ಟೆಯಲ್ಲಿ ಆರುತ್ತ ಅದು ಗಟ್ಟಿಯಾಯಿತು. ಪ್ರಭುಗಳು ಸವಿದು ಮೆಚ್ಚಿ ಇದರ ಹೆಸರೇನೆಂದು ಕೇಳಿದರು. ಒಲೆಯಿಂದ ಆಗತಾನೆ ಇಳಿದ ತಿಂಡಿಗೆ ಹೆಸರೆಲ್ಲಿಯದು? ಮಾದಪ್ಪನವರು ಕ್ಷಣವೂ ತಡೆಯದೆ ಅದನ್ನು ಮೈಸೂರು ಪಾಕವೆಂದು ಕರೆದುಬಿಟ್ಟರು. ತಾವು ಬಾಳಿದ ಊರು, ತಾವು ಬಲ್ಲ ವಿದ್ಯೆ, ಇವೆರಡೇ ಆ ಹೆಸರಿನಲ್ಲಿದ್ದವು.

ಈ ವಿದ್ಯೆ ಸುಲಭವೆಂದು ಯಾರೂ ಭಾವಿಸಬಾರದು. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಹಿಟ್ಟನ್ನು ಗಂಟಾಗದಂತೆ ಉದುರಿಸಬೇಕು. ಕೈ ನಿಲ್ಲಿಸದೆ ತಿರುವುತ್ತ, ಬೇರೆ ಒಲೆಯ ಮೇಲೆ ಕಾದಿರುವ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯಬೇಕು. ಬಿಸಿ ತುಪ್ಪ ತಗುಲಿದೊಡನೆ ಪಾಕದ ನೀರು ಆವಿಯಾಗಿ ನೊರೆಯೇಳುತ್ತದೆ. ಆವಿ ಹೊರಬಿದ್ದ ದಾರಿಗಳೇ ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುತ್ತವೆ. ತಟ್ಟೆಗೆ ಸುರಿದ ಮೇಲೂ ನಡುಭಾಗ ಕಾವು ಹಿಡಿದುಕೊಂಡು ಕೆಂಪಾಗುತ್ತದೆ, ಅಂಚು ಹಳದಿಯಾಗಿಯೇ ಇರುತ್ತದೆ. ಅರೆ ನಿಮಿಷ ಮೊದಲೇ ಇಳಿಸಿದರೆ ಅಂಟು, ಅರೆ ನಿಮಿಷ ತಡವಾದರೆ ಕಲ್ಲು. ಹದವನ್ನು ಹೇಳುವುದು ಗಡಿಯಾರವಲ್ಲ. ಕಣ್ಣು, ಮೂಗು ಮತ್ತು ಕೈ.

ಅರಮನೆಯ ಈ ರುಚಿ ಪ್ರಜೆಗಳಿಗೂ ದೊರೆಯಲೆಂದು ಹೊರಗೆ ಅಂಗಡಿಯಿಡುವಂತೆ ಮಹಾರಾಜರೇ ಅಪ್ಪಣೆ ಮಾಡಿದರೆಂದು ಪ್ರತೀತಿ. ಇಂದಿಗೂ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಕಟ್ಟಡದಲ್ಲಿ, ಅವರ ವಂಶದವರು ಅದೇ ಕಾಯಕದಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ಜಯಪುರದ ಕೆಲವು ಅಂಗಡಿಯವರು ಪಾಕವೆಂಬ ಮಾತಿನಲ್ಲಿ ಪಾಕಿಸ್ತಾನವನ್ನು ಕಂಡು, ಈ ತಿಂಡಿಯನ್ನು ಮೈಸೂರು ಶ್ರೀ ಎಂದು ಕರೆದರು. ಪಾಕವೆಂದರೆ ಸಕ್ಕರೆಯ ಪಾಕ, ಇನ್ನೊಂದಲ್ಲವೆಂದು ಮಾದಪ್ಪನವರ ಮರಿಮಕ್ಕಳು ವಿವರಿಸಬೇಕಾಯಿತು. ತಾತನ ತಿಂಡಿಯೊಡನೆ ತಾತನ ಮಾತನ್ನೂ ಕಾಯುವ ಹೊಣೆ ಅವರದಾಯಿತು.

ಇಂಥದೇ ಒಂದು ಕಥೆ ದೂರದ ಆಸ್ಟ್ರಿಯಾ ದೇಶದಲ್ಲಿಯೂ ಇದೆ. ಸಾಲ್ಸ್‌ಬರ್ಗ್ ನಗರದ ಮಿಠಾಯಿಗಾರ ಪೌಲ್ ಫ್ಯೂರ್ಸ್ಟ್ 1890ರಲ್ಲಿ ಪಿಸ್ತಾ ಬೆರೆತ ಬಾದಾಮಿಯ ಉಂಡೆಗೆ ನೂಗಟ್ ಎಂಬ ಬೀಜದ ಸಿಹಿ ಕಣಕವನ್ನು ಹೊದಿಸಿ, ಕಡ್ಡಿಗೆ ಸಿಕ್ಕಿಸಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿದನು. ಆತನೂ ತನ್ನ ಹೆಸರಿಡಲಿಲ್ಲ. ಅದೇ ಊರಿನಲ್ಲಿ 1756ರಲ್ಲಿ ಹುಟ್ಟಿದ ಸಂಗೀತಗಾರ ಮೋಜಾರ್ಟನ ಹೆಸರಿಟ್ಟನು. ಹೆಸರಿನ ಹಕ್ಕನ್ನು ಕಾದಿರಿಸದ ಕಾರಣ ಅನೇಕರು ಅದನ್ನೇ ಮಾಡಿ ಮಾರತೊಡಗಿದರು. ಅವನ ವಂಶಜರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಮೈಸೂರಾಗಲಿ ಸಾಲ್ಸ್‌ಬರ್ಗಾಗಲಿ, ತಿಂಡಿ ಲೋಕದ ಪಾಲಾಗುತ್ತದೆ, ಮಾಡಿದವನು ಹಿಂದೆ ಸರಿಯುತ್ತಾನೆ.

ಮಾದಪ್ಪನವರು ಕಡಾಯಿಯ ಮುಂದೆ ನಿಂತಿದ್ದ ಕಾಲದಲ್ಲಿ ನಮ್ಮ ಕಲಬುರಗಿ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಮೈಸೂರು ನಮಗೆ ಪರರಾಜ್ಯ. 1956ರ ನವೆಂಬರ್ 1ರಂದು ನಾವು ಒಂದೇ ರಾಜ್ಯದವರಾದೆವು. ಇಂದು ಇಲ್ಲಿಯ ಮಿಠಾಯಿ ಅಂಗಡಿಗಳಲ್ಲಿ ಮೈಸೂರು ಪಾಕವನ್ನು ಯಾರೂ ಪರನಾಡಿನದೆಂದು ಬಗೆಯುವುದಿಲ್ಲ.

ಕಮಲಾಪುರದಿಂದ ಹುಮನಾಬಾದಿನ ದಾರಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ. ಎಂಟುನೂರು ವರ್ಷಗಳಿಗೂ ಹಿಂದೆ ಅಲ್ಲಿ ಶರಣರು ತಮ್ಮ ಕಾಯಕವನ್ನು ತಮ್ಮ ಹೆಸರಿಗೇ ಸೇರಿಸಿಕೊಂಡರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ. ಆ ನೆಲದ ನೆರೆಯಲ್ಲಿಯೇ ಹುಟ್ಟಿದ ನನಗೆ ಆ ಸಂಕೋಚವಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ನಮ್ಮ ತಂದೆಯವರು ಕಮಲಾಪುರದ ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಅಡಿಗೆ ಮಾಡುವವರು. ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತು, ಬೆಳಿಗ್ಗೆ ಎಲ್ಲರ ಊಟವಾದ ಮೇಲೆ ತಾವು ಉಣ್ಣುತ್ತಾರೆ. ಉಂಡವರು ವಧೂವರರನ್ನು ಹರಸಿ ಹೋಗುತ್ತಾರೆ. ಅಡಿಗೆ ಯಾರದೆಂದು ಕೇಳಿದವರನ್ನು ನಾನು ಕಂಡಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಮೊದಲನೆಯ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗವೇನೆಂಬ ಸಾಲು ಬಂದಾಗ ಒಕ್ಕಲುತನವೆಂದು ಬರೆದೆ. ನಮಗೆ ಹೊಲವಿಲ್ಲ. ಕೆಳಗೆ ತಂದೆಯವರು ಓದಲಾರದೆ ಹೆಬ್ಬೆಟ್ಟೊತ್ತಿದರು.

ಮಾದಪ್ಪನವರ ವೃತ್ತಾಂತವನ್ನು ತಿಳಿದ ದಿನ ಮೊದಲು ನೆನಪಾದದ್ದು ಆ ಹೆಬ್ಬೆಟ್ಟಿನ ಗುರುತು. ಅರಸರ ಮುಂದೆ ನಿಂತು ತಮ್ಮ ಕೈಕೆಲಸಕ್ಕೆ ತಲೆಯೆತ್ತಿ ಹೆಸರಿಟ್ಟವರು ಅವರು. ನಮ್ಮ ತಂದೆಯ ಕೆಲಸಕ್ಕೆ ಇದ್ದ ಹೆಸರನ್ನೇ ಮುಚ್ಚಿಟ್ಟವನು ನಾನು. ಈ ವರ್ಷ ಪದವಿಯ ಅಂತಿಮ ಪರೀಕ್ಷೆಯ ಅರ್ಜಿ ತುಂಬುವಾಗ ಅಂಥ ಸಾಲು ಇರಲಿಲ್ಲ. ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ: ತಂದೆಯ ಉದ್ಯೋಗ, ಅಡಿಗೆ.