ನವಾಬ್ ಹೈದರಾಲಿ ಖಾನ್: ನೆಲದ ದಂಡು, ಕಡಲಿನ ಪಾಠ

ನಮ್ಮ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಶಾಲಾ ಮಕ್ಕಳು ಪ್ರವಾಸಕ್ಕೆ ಚಿತ್ರದುರ್ಗಕ್ಕೆ ಹೋದಾಗ ಓಬವ್ವನ ಕಿಂಡಿಯ ಮುಂದೆ ಹೈದರಾಲಿಯವರ ಹೆಸರನ್ನು ಕೇಳುತ್ತಾರೆ. ಅಲ್ಲಿ ಅದು ಕೋಟೆಗೆ ಮುತ್ತಿಗೆ ಹಾಕಿದವರ ಹೆಸರು. ಆ ಒಂದು ಪ್ರಸಂಗದ ಹಿಂದೆ ಮುಂದೆ ಇದ್ದ ಅವರ ಬದುಕನ್ನೂ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು.

ಹೈದರಾಲಿಯವರು ಹುಟ್ಟಿದ್ದು ಸುಮಾರು 1720ರಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದಾಗ ಮಗನಿನ್ನೂ ಬಾಲಕ. ತಂದೆಯ ಸಾಲದ ನೆಪದಲ್ಲಿ ಮನೆಯವರು ಹಿಂಸೆಗೆ ಒಳಗಾದರು. ಓದು ಬರಹ ಕಲಿಯುವ ಯೋಗ ಅವರಿಗೆ ಬರಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಶೌರ್ಯ ತೋರಿ ಮೈಸೂರು ದಂಡಿನಲ್ಲಿ ಮೇಲೆ ಬಂದರು. 1755ರಲ್ಲಿ ದಿಂಡಿಗಲ್ಲಿನ ಫೌಜ್‌ದಾರರಾಗಿ, ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಅಲ್ಲಿ ಮದ್ದುಗುಂಡಿನ ಕಾರ್ಖಾನೆ ತೆರೆದರು.

1760ರಲ್ಲಿ ಮೈಸೂರು ರಾಜ್ಯದೊಳಗೇ ಅಂತರ್ಯುದ್ಧ ಹೊತ್ತಿಕೊಂಡಿತು. ಹೈದರಾಲಿಯವರೇ ಮೇಲೆ ತಂದಿದ್ದ ಖಂಡೇರಾಯರು ಅರಮನೆಯ ಪಕ್ಷ ಹಿಡಿದು, ಮರಾಠರನ್ನೂ ಕರೆಸಿ, ಅವರ ಮೇಲೆ ತಿರುಗಿಬಿದ್ದರು. ಹೈದರಾಲಿಯವರ ದಂಡಿನ ಹೆಚ್ಚಿನ ಭಾಗ ಆಗ ದೂರದ ಪಾಂಡಿಚೇರಿಯ ಕಡೆ ಇತ್ತು. ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು, ಕೆಲವೇ ಸವಾರರೊಡನೆ ಕಾವೇರಿ ದಾಟಿ ಬೆಂಗಳೂರು ಸೇರಿದರು. ನಂಜನಗೂಡಿನ ಬಳಿ ಸೋತರು. ಆಗ ತಾವೇ ಅಧಿಕಾರದಿಂದ ಇಳಿಸಿದ್ದ ನಂಜರಾಜಯ್ಯನವರ ಬಳಿ ಹೋಗಿ ತಪ್ಪೊಪ್ಪಿಕೊಂಡು ನೆರವು ಬೇಡಿದರು. 1761ರಲ್ಲಿ ಖಂಡೇರಾಯರು ಸೆರೆಯಾದರು, ರಾಜ್ಯ ಹೈದರಾಲಿಯವರ ಕೈಗೆ ಬಂತು. ಇದು ಮತಗಳ ಕಾದಾಟವಾಗಿರಲಿಲ್ಲ, ಅಧಿಕಾರದ ಕಾದಾಟವಾಗಿತ್ತು.

1763ರಲ್ಲಿ ಬಿದನೂರನ್ನು ಗೆದ್ದಾಗ ಹೊನ್ನಾವರ, ಮಂಗಳೂರು ಬಂದರುಗಳೂ ದೊರೆತವು. ಹೈದರಾಲಿಯವರು ಯುದ್ಧನೌಕೆಗಳನ್ನು ಕಟ್ಟಿಸತೊಡಗಿದರು. ಆದರೆ ಕುದುರೆ ದಂಡಿನ ಸರದಾರರಾಗಿದ್ದ ಲುತ್ಫ್ ಅಲಿ ಬೇಗ್ ಅವರನ್ನು ಹಡಗುಗಳಿಗೆ ಮುಖ್ಯಸ್ಥರನ್ನಾಗಿ ಮಾಡಿದರು. ಕಡಲು ಬಲ್ಲ ಕಪ್ತಾನರಿಗೆ ಇದು ಸರಿಬರಲಿಲ್ಲ. 1768ರಲ್ಲಿ ಇಂಗ್ಲಿಷರು ಕರಾವಳಿಗೆ ಬಂದಾಗ ಅವರು ಹಡಗುಗಳ ಸಮೇತ ಶತ್ರುವಿನ ಕಡೆ ಸೇರಿಕೊಂಡರು. ಕೆಲಸ ಬಲ್ಲವರನ್ನು ಬಿಟ್ಟು ಬೇರೆಯವರಿಗೆ ಹೊಣೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹೈದರಾಲಿಯವರು ಎದೆಗುಂದದೆ ಮತ್ತೆ ಹಡಗು ಕಟ್ಟಿಸಿದರು. ನಮ್ಮ ಸೀಮೆಯಲ್ಲೂ ಅವರ ಬಲ ಬೆಳೆಯಿತು. ಹರಪನಹಳ್ಳಿಯ ಪಾಳೆಯಗಾರರು ಕಪ್ಪ ಒಪ್ಪಿ ಉಳಿದುಕೊಂಡರು. 1779ರಲ್ಲಿ ಚಿತ್ರದುರ್ಗ ಬಿತ್ತು. ಮದಕರಿ ನಾಯಕರು ಸೆರೆಯಾದರು, ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ನಮ್ಮ ನೆರೆಹೊರೆಯವರ ಹಿರಿಯರು ಉಂಡ ಈ ನೋವನ್ನು ಮುಚ್ಚಿಟ್ಟು ಹೈದರಾಲಿಯವರನ್ನು ಹೊಗಳುವುದು ನ್ಯಾಯವಲ್ಲ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡನ್ನು ಮೈಸೂರು ಸೇನೆ ಸಂಪೂರ್ಣ ಸೋಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿ ಹೈದರಾಲಿಯವರ ನೌಕೆಗಳನ್ನು ನಾಶಮಾಡಿದನು. ನೆಲದಲ್ಲಿ ದಾರಿ ಕಟ್ಟಿದರೂ ಇಂಗ್ಲಿಷ್ ದಂಡಿಗೆ ಕಡಲಿನಿಂದ ದವಸ ಬರುತ್ತಿತ್ತು. 1781ರಲ್ಲಿ ಪೋರ್ಟೊ ನೋವೊದಲ್ಲಿ ಹೈದರಾಲಿಯವರು ಸೋತರು. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್‌ನನ್ನು ಕಡಲೂರಿನಲ್ಲಿ ಕಂಡು ಮಾತುಕತೆ ನಡೆಸಿದರು. ಅದೇ ವರ್ಷ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಬೆನ್ನುಹುಣ್ಣಿನಿಂದ ನಿಧನರಾದರು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಅವರ ಸಮಾಧಿಯಿದೆ. ತಂದೆ ಕಲಿತ ಪಾಠವನ್ನು ಮರೆಯದ ಟಿಪ್ಪು ಸುಲ್ತಾನರು 1796ರಲ್ಲಿ ಯುದ್ಧನೌಕೆಗಳ ಯೋಜನೆ ಹಾಕಿದರು. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು.

ವಿದ್ಯಾರ್ಥಿ ಮಿತ್ರರೇ, ಅಕ್ಷರ ಬಾರದ ಆ ಮನುಷ್ಯರು ಸೋತಾಗಲೆಲ್ಲ ಏನಾದರೂ ಕಲಿತರು. ಕಡಲಿನ ವಿದ್ಯೆಯಲ್ಲಿ ಹಿಂದುಳಿದದ್ದಕ್ಕೆ ನೆಲದಲ್ಲಿ ಬೆಲೆ ತೆತ್ತರು. ಇಂದು ನಮ್ಮ ಮುಂದೆ ಶಾಲೆಯ ಬಾಗಿಲು ತೆರೆದಿದೆ. ಎಸ್ಸೆಸ್ಸೆಲ್ಸಿಗೇ ಓದು ಮುಗಿಸುವ ನಮ್ಮ ಹುಡುಗರು, ಹುಡುಗಿಯರು ಇದನ್ನು ನೆನೆಯಲಿ. ಇಲ್ಮಿನ ಹಸಿವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.