ಅಲ್ಗಾರಿದಮ್‌ಗೆ ಹೆಸರಾದ ಅಲ್-ಖ್ವಾರಿಜ್ಮಿ

ಸಾಫ್ಟ್‌ವೇರ್ ಕಂಪನಿಗಳ ಕೋಡಿಂಗ್ ಸಂದರ್ಶನಕ್ಕೆ ತಯಾರಾಗುವವರೆಲ್ಲ ಅಲ್ಗಾರಿದಮ್ ಓದುತ್ತಾರೆ. ಆ ಪದ ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು.

ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ ಜನಿಸಿದ್ದು ಸುಮಾರು 780ರಲ್ಲಿ. ಖಲೀಫ ಅಲ್-ಮಾಮೂನ್ ಕಾಲದಲ್ಲಿ ಬಾಗ್ದಾದಿನ ವಿದ್ಯಾಕೇಂದ್ರ ಬೈತುಲ್ ಹಿಕ್ಮಾದಲ್ಲಿ ವಿದ್ವಾಂಸರಾಗಿದ್ದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಅರಬ್ಬಿಯಲ್ಲಿ ಬರೆದರು. 12ನೇ ಶತಮಾನದಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾದಾಗ ಅವರ ಹೆಸರೂ ರೂಪ ಬದಲಿಸಿತು. ಅದೇ ಮುಂದೆ ಅಲ್ಗಾರಿದಮ್ ಆಯಿತು.

ಅವರ ಬೀಜಗಣಿತದ ಪುಸ್ತಕ ವಾಣಿಜ್ಯ ವಿದ್ಯಾರ್ಥಿಗಳಾದ ನಮಗೂ ಹತ್ತಿರದ್ದು. ಆಸ್ತಿ ಹಂಚಿಕೆ, ವ್ಯಾಪಾರ, ಜಮೀನಿನ ಅಳತೆಗೆ ಉಪಯೋಗವಾಗಲೆಂದು ಬರೆದದ್ದು. ಅದರಲ್ಲಿನ ಒಂದು ಪ್ರಸಿದ್ಧ ಲೆಕ್ಕ: ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತರಷ್ಟು ಸೇರಿಸಿದರೆ 39. ಸಂಖ್ಯೆ ಯಾವುದು? ಹತ್ತರ ಅರ್ಧ 5, ಅದರ ವರ್ಗ 25. ಅದಕ್ಕೆ 39 ಕೂಡಿಸಿದರೆ 64, ಅದರ ವರ್ಗಮೂಲ 8. ಅದರಲ್ಲಿ 5 ಕಳೆದರೆ ಉತ್ತರ 3. ಇಷ್ಟಕ್ಕೇ ನಿಲ್ಲಿಸದೆ, ಚೌಕದ ಚಿತ್ರ ಬರೆದು ಕಾರಣವನ್ನೂ ತೋರಿಸಿದರು. ಸುಮಾರು 850ರಲ್ಲಿ ತೀರಿಕೊಂಡರು.

ನಮ್ಮ ಭಾಯಿಜಾನ್ ಹೋದ ಸಲ ಸಂದರ್ಶನದಲ್ಲಿ ಸರಿಯಾದ ಉತ್ತರವನ್ನೇ ಬರೆದಿದ್ದರು. ಹೇಗೆ ಬಂತೆಂದು ವಿವರಿಸಲಾಗದೆ ಕೆಲಸ ತಪ್ಪಿತು. ಈಗ ದಿನಾ ರಾತ್ರಿ ಕೋಡಿಂಗ್ ಗೊತ್ತಿಲ್ಲದ ನನ್ನನ್ನು ಕೂರಿಸಿಕೊಂಡು ಒಂದೊಂದೇ ಹಂತ ಹೇಳುತ್ತಾರೆ. ನನಗೆ ಅರ್ಥವಾಗದಿದ್ದರೆ ಮತ್ತೆ ಮೊದಲಿನಿಂದ.